ಕಂದು ಹಾಕಿದ ಹಸು: ರೋಗಾಣು ಆಡಿನದೋ, ಲಸಿಕೆಯದೋ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ. ಜರ್ಸಿ ಮಿಶ್ರತಳಿ ಹಸು ಗರ್ಭದ ಏಳು ತಿಂಗಳಿಗೇ ಕಂದು ಹಾಕಿತು. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲಾ (ಕಂದು ಹಾಕಿಸುವ ರೋಗಾಣು) ಎಂದು ಬಂದಿದೆ. ಕರುವಾಗಿದ್ದಾಗ ಲಸಿಕೆ ಹಾಕಿಸಿದ್ದೆವು. ಪಕ್ಕದಲ್ಲೇ ಆಡು, ಹಂದಿಗಳೂ ಇವೆ. ಸೋಂಕು ಎಲ್ಲಿಂದ ಬಂತೆಂದು ಡಿಎನ್‌ಎ ಪರೀಕ್ಷೆಯಲ್ಲಿ ತಿಳಿಯುತ್ತದೆಯೇ?

ಉತ್ತರ: ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ನೀವು ಮಾಡಿಸಿದ ಪರೀಕ್ಷೆಯಿಂದಲ್ಲ. ಅದು ಹುಡುಕುವುದು ಹಸುವಿನ ರಕ್ತದಲ್ಲಿರುವ ಪ್ರತಿಕಾಯಗಳನ್ನು. ಬ್ರುಸೆಲ್ಲಾದಲ್ಲಿ ಹಲವು ಪ್ರಭೇದಗಳಿವೆ: ದನದ ಅಬಾರ್ಟಸ್, ಆಡು-ಕುರಿಯ ಮೆಲಿಟೆನ್ಸಿಸ್, ಹಂದಿಯ ಸುಯಿಸ್, ಯಾವುದು ಹೊಕ್ಕಿದ್ದರೂ ಫಲಿತಾಂಶ ಒಂದೇ. ಕೆಲವೊಮ್ಮೆ ಲಸಿಕೆಯಲ್ಲಿರುವ ಬಲಗುಂದಿದ ಜೀವಂತ ರೋಗಾಣು, ಎಸ್-19 ತಳಿಯೂ ಹಾಗೇ ತೋರಿಸುತ್ತದೆ. ಬೇರ್ಪಡಿಸಲು ರೋಗಾಣುವೇ ಸಿಗಬೇಕು. ಅದು ಹೇರಳವಾಗಿರುವುದು ಮಾಸಿನಲ್ಲಿ, ಬಿದ್ದ ಕರುವಿನ ಹೊಟ್ಟೆಯ ದ್ರವದಲ್ಲಿ. ನಮ್ಮಲ್ಲಿ ಎರಡನ್ನೂ ಮೊದಲೇ ತೋಡಿಗೋ ಗೊಬ್ಬರದ ಗುಂಡಿಗೋ ಎಸೆದಿರುತ್ತಾರೆ. ಪತ್ತೆಯ ದಾರಿ ಅಲ್ಲೇ ಮುಚ್ಚುತ್ತದೆ, ಸೋಂಕೂ ಹರಡುತ್ತದೆ. ಈಗ ಉಳಿದಿರುವುದು ಹಾಲು ಮತ್ತು ಯೋನಿಸ್ರಾವ. ಪಶುವೈದ್ಯರಿಂದಲೇ ತೆಗೆಸಿ.

ಈ ಪ್ರಭೇದಗಳ ಡಿಎನ್‌ಎ ಶೇ 90ಕ್ಕೂ ಹೆಚ್ಚು ಒಂದೇ ತೆರನಾಗಿದೆ. ವ್ಯತ್ಯಾಸ ಇರುವ ಕೆಲವೇ ಜಾಗಗಳನ್ನು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ನೋಡುತ್ತದೆ. ಎಸ್-19ರ ಗುರುತು ಬಲು ಸ್ಪಷ್ಟ. ದನದ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ವಸ್ತು ತುಂಬಿರುತ್ತದೆ, ರೋಗ ತರುವ ತಳಿಗಳಿಗೆ ಅದೇ ಮೇವು. ಅದನ್ನು ಅರಗಿಸುವ ಜೀನ್‌ಗಳ ಜಾಗದಲ್ಲಿ ಎಸ್-19ಕ್ಕೆ ಡಿಎನ್‌ಎಯ 702 ಅಕ್ಷರಗಳೇ ಇಲ್ಲ. ನನಗಂತೂ ಲಸಿಕೆಯ ಮೇಲೆ ಅನುಮಾನವಿಲ್ಲ: 4ರಿಂದ 8 ತಿಂಗಳ ವಯಸ್ಸಿನಲ್ಲಿ ಹಾಕಿದ ಲಸಿಕೆ ವರ್ಷಗಳ ಬಳಿಕ ಕಂದು ಹಾಕಿಸುವುದು ತೀರಾ ಅಪರೂಪ. ಲಸಿಕೆ ಹಾಕಿದ ಹಸುವಿಗೂ ಹೊರಗಿನ ಸೋಂಕು ತಗಲಬಹುದು.

ಮೆಲಿಟೆನ್ಸಿಸ್ ಬಂದರೆ ಮೊದಲು ಆಡುಗಳನ್ನು ಪರೀಕ್ಷಿಸಿ. ಅಬಾರ್ಟಸ್ ಬಂದರೆ, ಈಚೆಗೆ ಕೊಂಡು ತಂದ ಹಸುವಿದ್ದರೆ ಅದನ್ನು ನೋಡಬೇಕು. ಆಗ ಎಂಎಲ್‌ವಿಎ ಎಂಬ ವಿಧಾನ ನೆರವಾಗುತ್ತದೆ: ಡಿಎನ್‌ಎಯ 16 ಕಡೆ ಒಂದೇ ತುಣುಕು ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸಿ, ಎರಡು ಹಸುಗಳ ರೋಗಾಣುವನ್ನು ಹೋಲಿಸುತ್ತಾರೆ. ಎಣಿಕೆ ಹೊಂದಿದರೆ ಮೂಲ ಒಂದೇ ಇರಬಹುದು. ಯಾರಿಂದ ಯಾರಿಗೆ ದಾಟಿತು ಎಂಬುದನ್ನು ಮಾತ್ರ ನೀವು ಹಸು ಕೊಂಡ ತಾರೀಖೇ ಹೇಳಬೇಕು. ಬೆಂಗಳೂರಿನ ಯಲಹಂಕದ ನಿವೇದಿ ಸಂಸ್ಥೆ ಇಂಥ ರೋಗಗಳ ಮೇಲೇ ಕೆಲಸ ಮಾಡುತ್ತದೆ; ಮಾದರಿ ಎಲ್ಲಿಗೆ ಕಳಿಸಬೇಕೆಂದು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ.

ವರದಿಗೆ ಕಾಯದೆ ಆ ಹಸುವನ್ನು ಬೇರೆ ಕಟ್ಟಿ, ಹಾಲು ಕಾಯಿಸದೆ ಕುಡಿಯಬೇಡಿ. ಕಂದನ್ನು ಬರಿಗೈಲಿ ಎತ್ತಿದವರಿಗೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬಂದರೆ, ದನದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ ಬ್ರುಸೆಲ್ಲಾ ಪರೀಕ್ಷೆ ಮಾಡಿಸಲಿ.