ಶೇರ್‌ಪಾಯಿಂಟ್‌ನಲ್ಲಿ ಲೈಸೆನ್ಸ್ ಅವಧಿ ನೋಡಿಕೊಳ್ಳೋದು

ಮೈಕ್ರೋಸಾಫ್ಟ್‌ನ ಫೈಲ್ ಇಡುವ ತಾಣ ಶೇರ್‌ಪಾಯಿಂಟ್‌ನಲ್ಲಿ, ಟ್ರೇಡ್ ಲೈಸೆನ್ಸ್, ಎಎಂಸಿ (ವಾರ್ಷಿಕ ನಿರ್ವಹಣೆ) ಒಪ್ಪಂದಗಳ ಅವಧಿ ಮುಗಿದ ಕೂಡಲೇ ಫೈಲ್ ತಾನಾಗೇ ಡಿಲೀಟ್ ಆಗೋ ಹಾಗೆ ರಿಟೆನ್ಷನ್ ಲೇಬಲ್ (ಫೈಲ್ ಎಷ್ಟು ಕಾಲ ಇಡಬೇಕು, ಯಾವಾಗ ಅಳಿಸಬೇಕು ಅಂತ ಹೇಳುವ ಗುರುತು) ಹಾಕಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಆ ಲೇಬಲ್ ಸಾಮಾನ್ಯವಾಗಿ ಫೈಲ್ ಸೇರಿಸಿದ, ತಿದ್ದಿದ ಅಥವಾ ಲೇಬಲ್ ಹಚ್ಚಿದ ದಿನದಿಂದ ಲೆಕ್ಕ ಹಾಕುತ್ತದೆ. ಲೈಸೆನ್ಸ್ ಮೇಲಿರುವ ತಾರೀಖು ಅದಕ್ಕೆ ಗೊತ್ತಾಗಲ್ಲ. ಮೇಲಾಗಿ ಹಳೇ ಲೈಸೆನ್ಸನ್ನು ಆಡಿಟ್‌ನವರು ಕೇಳದೆ ಬಿಡ್ತಾರಾ?

ಬದಲಿಗೆ, ಈ ಫೈಲ್‌ಗಳಿರೋ ಲೈಬ್ರರಿಗೆ ‘ಮುಗಿಯುವ ದಿನ’ ಅಂತ ಡೇಟ್ ಕಾಲಂ ಸೇರಿಸಿ. ಒಂದು ಹೊಸ ವ್ಯೂ (ಮುಗಿದ, 30 ದಿನದೊಳಗೆ ಮುಗಿಯುವ ಫೈಲ್‌ಗಳನ್ನಷ್ಟೇ ತೋರಿಸುವ ಪಟ್ಟಿ) ಮಾಡಿ, ಅದರ ಫಿಲ್ಟರಿನಲ್ಲಿ ಆ ಕಾಲಂ ‘ಟುಡೇ ಪ್ಲಸ್ 30’ಕ್ಕಿಂತ ಕಡಿಮೆ ಇರಲಿ ಅಂತ ಕೊಡಿ (ಟುಡೇ ಚೌಕ ಬ್ರಾಕೆಟ್ ಒಳಗಿರಬೇಕು). ಇದನ್ನೇ ಕ್ಯಾಲ್ಕುಲೇಟೆಡ್ ಕಾಲಂನಲ್ಲಿ (ಸೂತ್ರ ಕೊಟ್ಟು ಲೆಕ್ಕ ಹಾಕಿಸುವ ಕಾಲಂ) ಮಾಡಲು ಹೋಗಬೇಡಿ. ಅಲ್ಲಿ ಫೈಲನ್ನು ಮತ್ತೆ ಎಡಿಟ್ ಮಾಡುವವರೆಗೂ ‘ಇವತ್ತು’ ಹಳೇ ತಾರೀಖಿನಲ್ಲೇ ನಿಂತಿರುತ್ತದೆ.

ಡೇಟ್ ಕಾಲಂ ಇದ್ದರೆ ಆಟೊಮೇಟ್ ಮೆನುವಿನಲ್ಲಿ ‘ಸೆಟ್ ಎ ರಿಮೈಂಡರ್’ ಸಿಗುತ್ತದೆ. ಎಷ್ಟು ದಿನ ಮುಂಚೆ ಅಂತ ಕೊಟ್ಟರೆ ಮೇಲ್ ಬರುತ್ತದೆ, ಆದರೆ ಅದನ್ನು ಸೆಟ್ ಮಾಡಿದವರಿಗೆ ಮಾತ್ರ. ಇನ್ನೊಬ್ಬರೂ ಸೆಟ್ ಮಾಡಿಕೊಂಡಿರಲಿ, ನೀವು ರಜೆಯಲ್ಲಿದ್ದರೆ ಕಷ್ಟ ಅಲ್ವಾ.

ರಿನ್ಯೂ ಆದಾಗ ಹೊಸ ಪಿಡಿಎಫ್ ಅದೇ ಹೆಸರಲ್ಲಿ ಅಪ್‌ಲೋಡ್ ಮಾಡಿ. ಹಳೆಯದು ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಕಾಲಂನ ತಾರೀಖು ಮಾತ್ರ ಕೈಯಾರೆ ಬದಲಿಸಬೇಕು. ಜಾಸ್ತಿ ಜನ ಮರೆಯೋದು ಇದನ್ನೇ.