ಟೀ ಕ್ಲಾಸಿಗೆ ಸೇರುವ ಮೊದಲು ಕೆಳಗಿನ ಮನೆಯ ಬೆಲ್ ಒತ್ತಿ

ಗಂಡನ ಕೆಲಸಕ್ಕೆ ಅಂತ ಟೋಕಿಯೋಗೆ ಹೊರಟಿದ್ದೀರಿ, ಮನೆಮಂದಿಯೆಲ್ಲ ಸಸ್ಯಾಹಾರಿಗಳು. ಜಪಾನಿನ ಸಂಸ್ಕೃತಿ ತಿಳಿಯೋಕೆ ಅವರ ಕ್ರಮದಲ್ಲಿ ಟೀ ಮಾಡಿ ಬಡಿಸುವುದನ್ನು ಕಲಿಸುವ ಟೀ ಕ್ಲಾಸ್ ಸೇರಲೋ, ಹೂ ಜೋಡಿಸುವ ಇಕೆಬಾನಾ ಸೇರಲೋ, ಭಾರತೀಯರು ಹೆಚ್ಚಾಗಿರುವ ನಿಶಿ ಕಸಾಯಿಯಲ್ಲೇ ಮನೆ ಮಾಡಲೋ ಅಂತ ಕೇಳಿದ್ದೀರಿ. 2016ರ ಏಪ್ರಿಲ್‌ನಲ್ಲಿ ನಾನೂ ಇದೇ ಪಟ್ಟಿ ಹಿಡಿದು ವಿಮಾನ ಹತ್ತಿದ್ದೆ. ಇಕೆಬಾನಾ ಕ್ಲಾಸಿಗೆ ನಾಲ್ಕು ತಿಂಗಳು ಹೋದೆ ಕೂಡ. ಆದರೆ ಇವತ್ತಿಗೂ ನನ್ನನ್ನು ಕಾಡುವುದು ಒಂದು ಡಬ್ಬಿ ಸಿಹಿಗುಂಬಳದ ಪಲ್ಯ.

ನಾವಿದ್ದದ್ದು ಕೋತೋ ವಾರ್ಡಿನಲ್ಲಿ, ಕಿಬಾ ಸ್ಟೇಷನ್ ಹತ್ತಿರದ ಒಂದು ಹಳೇ ಕಟ್ಟಡದಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಒಂಟಿಯಾಗಿದ್ದರು. ಅಲ್ಲಿ ಕಾಯಿರಾನ್‌ಬಾನ್ ಅಂತ ಇರುತ್ತದೆ. ಬೀದಿಯ ಸಂಘದ ಸೂಚನೆಗಳನ್ನು ಒಂದು ರಟ್ಟಿಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುತ್ತಾರೆ. ಅಜ್ಜಿ ಅದನ್ನು ತಂದು ಬೆಲ್ ಒತ್ತುತ್ತಿದ್ದರು. ನನಗೆ ಅರ್ಥವಾಗುವ ತನಕ ಸಾಲು ಸಾಲಿಗೂ ಬೆರಳಿಟ್ಟು ಹೇಳುತ್ತಿದ್ದರು. ನನ್ನ ಮೊದಲ ಜಪಾನಿ ಪಾಠ ಆದದ್ದು ಆ ಬಾಗಿಲಲ್ಲೇ.

ಒಂದು ಸಲ ಅವರು ಹಬ್ಬದ ವಿಷಯ ತೆಗೆದರು. ಪಕ್ಕದ ಮೊನ್ಜೆನ್ ನಾಕಾಚೋದಲ್ಲಿ ತೊಮಿಯೋಕಾ ಹಾಚಿಮಾನ್ ಗುಡಿ ಇದೆ. ಅದರ ದೊಡ್ಡ ಹಬ್ಬ ಮೂರು ವರ್ಷಕ್ಕೊಮ್ಮೆ, ಆಗಸ್ಟ್‌ನಲ್ಲಿ. ಒಂದೊಂದು ಬೀದಿಯವರೂ ತಮ್ಮ ತಮ್ಮ ಮಿಕೋಶಿ ಹೊತ್ತು ಬರುತ್ತಾರೆ. ಮಿಕೋಶಿ ಅಂದರೆ ದೇವರ ಪಲ್ಲಕ್ಕಿ. 50ಕ್ಕೂ ಹೆಚ್ಚು ಪಲ್ಲಕ್ಕಿಗಳು, "ವಶ್ಶೋಯಿ ವಶ್ಶೋಯಿ" ಅನ್ನುವ ಕೂಗು, ಹೊತ್ತವರ ಮೇಲೆ ದಾರಿಯುದ್ದಕ್ಕೂ ಜನ ಎರಚುವ ನೀರು. ಆಗ ಮುಂದಿನದು 2017ಕ್ಕಿತ್ತು. "ನಿನ್ನ ಮಗಳು ಮಕ್ಕಳ ಮಿಕೋಶಿ ಹೊರಲಿ, ನಾನು ಸಂಘದಲ್ಲಿ ಹೇಳಿ ಅವಳಿಗೊಂದು ಹಾಪ್ಪಿ ಕೊಡಿಸುತ್ತೇನೆ" ಅಂದರು. ಹಾಪ್ಪಿ ಅಂದರೆ ಬೀದಿಯ ಗುರುತಿರುವ ಮೇಲಂಗಿ. ನನ್ನ ಐದು ವರ್ಷದ ಮಗಳು ಅವತ್ತಿನಿಂದಲೇ ತಲೆದಿಂಬು ಹೊತ್ತು ಮನೆಯೆಲ್ಲ ವಶ್ಶೋಯಿ ಅಂತ ಓಡಾಡಿದಳು.

ಆಮೇಲೆ ಡಿಸೆಂಬರ್ ಬಂತು. ವರ್ಷದಲ್ಲೇ ಹಗಲು ಗಿಡ್ಡವಾದ ದಿನವನ್ನು ಅವರು ತೋಜಿ ಅನ್ನುತ್ತಾರೆ. ಅವತ್ತು ಸಿಹಿಗುಂಬಳ ತಿನ್ನುತ್ತಾರೆ, ಯುಝು ಅನ್ನುವ ನಿಂಬೆಯಂಥ ಹಣ್ಣು ತೇಲಿಬಿಟ್ಟ ಬಿಸಿನೀರಿನಲ್ಲಿ ಕೂರುತ್ತಾರೆ. ಚಳಿಗಾಲದಲ್ಲಿ ನೆಗಡಿ ಆಗಬಾರದು ಅಂತ. ಅಜ್ಜಿ ಎರಡು ಯುಝು, ಒಂದು ಡಬ್ಬಿ ಬೇಯಿಸಿದ ಕುಂಬಳ ತಂದುಕೊಟ್ಟರು. "ನಿಮ್ಮ ಬಾಯಿಗೆ ಹಿಡಿಸುತ್ತೋ ಇಲ್ಲವೋ ಗೊತ್ತಿಲ್ಲ" ಅಂದರು. ಏನಾದರೂ ಕೊಡುವಾಗ ಅಲ್ಲಿ ಹೀಗೇ ಹೇಳುತ್ತಾರೆ.

ಮುಚ್ಚಳ ತೆಗೆದ ಕೂಡಲೇ ವಾಸನೆ ಗೊತ್ತಾಯಿತು. ದಾಶಿ. ಅಲ್ಲಿ ಬಹಳಷ್ಟು ಅಡುಗೆಗೆ ಬುನಾದಿಯೇ ಈ ಸಾರು. ಸಾಮಾನ್ಯವಾಗಿ ಕಾಟ್ಸುಓಬುಶಿ, ಅಂದರೆ ಹೊಗೆ ಹಾಕಿ ಒಣಗಿಸಿದ ಮೀನಿನ ಹೆರಕಲು ಹಾಕಿ ಮಾಡುತ್ತಾರೆ. ಮಿಸೋ ಸೂಪಿನಲ್ಲೂ ಅದೇ, ಸೋಬಾ ಅನ್ನುವ ನೂಡಲ್ಸ್ ಅದ್ದಿ ತಿನ್ನುವ ರಸದಲ್ಲೂ ಅದೇ. ನಾನು ಡಬ್ಬಿಯಲ್ಲಿದ್ದದ್ದನ್ನು ಕಸದ ಚೀಲಕ್ಕೆ ಸುರಿದೆ. ಮರುದಿನ ಡಬ್ಬಿ ತೊಳೆದು ಕೆಳಗೆ ಕೊಟ್ಟು ಬಂದೆ. "ಓಇಶಿಕತ್ತಾ ದೆಸು", ತುಂಬಾ ರುಚಿಯಾಗಿತ್ತು ಅಂದೆ.

ಅಲ್ಲಿ ಕಸದ ಚೀಲ ಒಳಗಿನದು ಕಾಣುವಂಥದ್ದೇ ಆಗಿರಬೇಕು. ಬೆಳಿಗ್ಗೆ 8ರೊಳಗೆ ಬೀದಿಯ ಒಂದು ಜಾಗದಲ್ಲಿಟ್ಟು ಮೇಲೆ ಬಲೆ ಮುಚ್ಚಬೇಕು. ಇಲ್ಲದಿದ್ದರೆ ಕಾಗೆಗಳು ಬಿಡುವುದಿಲ್ಲ. ಟೋಕಿಯೋದ ಕಾಗೆ ನಮ್ಮೂರ ಕಾಗೆಗಿಂತ ದೊಡ್ಡದು, ಕೊಕ್ಕು ದಪ್ಪ. ಅವತ್ತು ನಾನು ಅವಸರದಲ್ಲಿ ಬಲೆ ಸರಿಯಾಗಿ ಎಳೆದಿರಲಿಲ್ಲ. ಮಗಳನ್ನು ಶಿಶುವಿಹಾರಕ್ಕೆ ಕರೆದುಕೊಂಡು ಇಳಿದಾಗ ಚೀಲ ಹರಿದಿತ್ತು. ಹಳದಿ ಕುಂಬಳದ ಹೋಳುಗಳು ರಸ್ತೆ ತುಂಬ ಬಿದ್ದಿದ್ದವು. ಆ ವಾರ ಜಾಗ ಗುಡಿಸುವ ಸರದಿ ಅಜ್ಜಿಯದು. ಪೊರಕೆ, ಮೊರ ಹಿಡಿದು ಒಂದೊಂದೇ ಹೋಳು ಎತ್ತುತ್ತಿದ್ದರು. ನನ್ನನ್ನು ನೋಡಿ ದಿನದಂತೆ ತಲೆ ಬಗ್ಗಿಸಿ "ಇತ್ತೆರಶ್ಶಾಯಿ", ಹೋಗಿ ಬನ್ನಿ ಅಂದರು. ನಾನೂ "ಇತ್ತೆಕಿಮಾಸು", ಹೋಗಿ ಬರುತ್ತೇನೆ ಅಂದು ಹೊರಟುಬಿಟ್ಟೆ. ಹೊರಟುಬಿಟ್ಟೆ!

ಇದನ್ನು ನಾನು ಎಷ್ಟು ಸಲ ತಿರುಗಿಸಿ ಹಾಕಿ ನೋಡಿದ್ದೇನೋ. ಬಲೆ ಸರಿಯಾಗಿ ಹಾಕಬೇಕಿತ್ತು ಅಂತ ಗಂಡ ಅಂದರು. ಅದು ತಪ್ಪೇ, ಆದರೆ ಚಿಕ್ಕದು. ತಿನ್ನದೇ ಇದ್ದದ್ದೂ ತಪ್ಪಲ್ಲ, ಹುಟ್ಟಿದಾಗಿನಿಂದ ತಿಂದಿಲ್ಲ. ನಾನು ಎಡವಿದ್ದು ಬಾಗಿಲಲ್ಲಿ. ಬಾಯಿಗೆ ಹಿಡಿಸುತ್ತೋ ಇಲ್ಲವೋ ಅಂತ ಅವರೇ ಮಾತು ತೆರೆದಿದ್ದರು. ಎಂಟು ತಿಂಗಳು ಪರಿಚಯವಿದ್ದರೂ ನಾವು ಮೀನು ತಿನ್ನುವುದಿಲ್ಲ ಅಂತ ನಾನು ಹೇಳಿರಲಿಲ್ಲ. ಹೇಳಿದರೆ ಅವರಿಗೆ ತೊಂದರೆ ಆದೀತು, ಜಪಾನಿನಲ್ಲಿ ಬೇಡ ಅನ್ನಬಾರದು ಅಂತ ಎಲ್ಲೋ ಓದಿದ್ದೆ. ಅದನ್ನೇ ನಂಬಿ ರುಚಿಯಾಗಿತ್ತು ಅಂತ ಸುಳ್ಳು ಹೇಳಿದೆ. ಇನ್ನೊಂದಿದೆ. ಡಬ್ಬಿಯನ್ನು ಖಾಲಿ ಕೊಟ್ಟೆ. ನಮ್ಮ ತಿಪಟೂರಿನಲ್ಲಿ ಪಕ್ಕದ ಮನೆ ಪಾತ್ರೆ ಖಾಲಿ ಹೋಗಿದ್ದನ್ನು ನಾನು ನೋಡಿಲ್ಲ. ಏನೂ ಇಲ್ಲದಿದ್ದರೆ ಅಮ್ಮ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದರು. ಜಪಾನಿನವರಲ್ಲೂ ಪಡೆದದ್ದಕ್ಕೆ ಮರಳಿ ಕೊಡುವ ಓಕಾಯೆಶಿ ಇದೆ. ಎರಡೂ ಕಡೆಯ ರೂಢಿ ಒಂದೇ ಆಗಿತ್ತು. ನಾನು ಬೇರೆ ದೇಶ, ಬೇರೆ ನಿಯಮ ಅಂದುಕೊಂಡು ಮನೆಯಲ್ಲಿ ಕಲಿತದ್ದನ್ನು ಬಿಟ್ಟೆ.

ಅವತ್ತಿನಿಂದ ಬೆಲ್ ನಿಂತುಹೋಯಿತು. ಕಾಯಿರಾನ್‌ಬಾನ್ ಬಾಗಿಲ ಹಿಡಿಗೆ ನೇತುಹಾಕಿದ ಚೀಲದಲ್ಲಿರುತ್ತಿತ್ತು. ಮೆಟ್ಟಿಲಲ್ಲಿ ಸಿಕ್ಕಿದರೆ ಅದೇ ನಗು, ಅದೇ ನಮಸ್ಕಾರ. 2017ರ ಆಗಸ್ಟ್‌ನಲ್ಲಿ ನಮ್ಮ ಬೀದಿಯ ಮಕ್ಕಳು ಹಾಪ್ಪಿ ಹಾಕಿಕೊಂಡು ಹೊರಟರು. ನಾವು ರಸ್ತೆ ಪಕ್ಕ ಪ್ರವಾಸಿಗಳ ನಡುವೆ ನಿಂತಿದ್ದೆವು. ಮಗಳು ಒಂದು ಮಾತೂ ಕೇಳಲಿಲ್ಲ. ಮೇಲೆ ಬಿದ್ದ ನೀರನ್ನು ಒರೆಸಿಕೊಳ್ಳಲೂ ಇಲ್ಲ.

2018ರ ಸಂಕ್ರಾಂತಿಗೆ ಎಳ್ಳುಬೆಲ್ಲ ಮಾಡಿ ನಾನೇ ಕೆಳಗೆ ಹೋದೆ. ವಾರ್ಡಿನ ಜಪಾನಿ ಭಾಷೆ ತರಗತಿಯಲ್ಲಿ ಕೇಳಿ ಬರೆದುಕೊಂಡ ಚೀಟಿ ಕೈಯಲ್ಲಿತ್ತು. ನಾವು ಮೀನು ತಿನ್ನುವುದಿಲ್ಲ, ಹೇಳಲು ಧೈರ್ಯ ಸಾಲಲಿಲ್ಲ, ಸುಳ್ಳು ಹೇಳಿದೆ, ಕ್ಷಮಿಸಿ. ಇದನ್ನು ತಿಂದು ಒಳ್ಳೆ ಮಾತಾಡಿ ಅಂತ ನಮ್ಮಲ್ಲಿ ಕೊಡುತ್ತೇವೆ ಅಂತಲೂ ಓದಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಕೊಂಬು ಆದರೆ ನಡೆಯುತ್ತಾ?" ಅಂದರು. ಕೊಂಬು ಅಂದರೆ ಸಮುದ್ರದ ಪಾಚಿ. ಅದರಿಂದ ಮಾಡಿದ ದಾಶಿಯಲ್ಲಿ ಮೀನಿರುವುದಿಲ್ಲ. ಬೌದ್ಧ ಮಠಗಳ ಶೋಜಿನ್ ಅನ್ನುವ ಸಸ್ಯಾಹಾರಿ ಅಡುಗೆಗೆ ಅದನ್ನೇ ಬಳಸುತ್ತಾರೆ.

ನಿಮ್ಮ ಪಟ್ಟಿಗೆ ನನ್ನ ಉತ್ತರ ಇಷ್ಟು. ಟೀ, ಇಕೆಬಾನಾ ಎರಡೂ ಮೊದಲ ವರ್ಷ ಬೇಡವೇ ಬೇಡ. ನಿಶಿ ಕಸಾಯಿಯಲ್ಲಿ ಬೇಳೆ, ಸಾಂಬಾರ ಪುಡಿ ಎಲ್ಲ ಸಿಗುತ್ತದೆ. ನೆರೆಯವರು ಇದ್ದರೆ ಅಲ್ಲೂ ಇರಬಹುದು, ಬೇರೆ ಕಡೆಯೂ ಇರಬಹುದು. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳಿಗೆ ಒಂದೊಂದು ಸಣ್ಣ ಟವೆಲ್ಲೋ ಸಿಹಿಯೋ ಹಿಡಿದು ಹೋಗಿ ಪರಿಚಯ ಹೇಳಿಕೊಳ್ಳಿ. ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡೇ ಹೋಗಿ: "ನಿಕು ಮೋ ಸಕಾನಾ ಮೋ ತಾಬೆರಾರೆಮಾಸೆನ್. ಕಾಟ್ಸುಓ ನೋ ದಾಶಿ ಮೋ ತಾಬೆರಾರೆಮಾಸೆನ್." ಮಾಂಸವೂ ಮೀನೂ ತಿನ್ನಲಾಗದು, ಮೀನಿನ ದಾಶಿಯೂ ಆಗದು ಅಂತ. ನಗುತ್ತಾ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೆಬ್ರವರಿಯಲ್ಲಿ ಅಜ್ಜಿ ಬೆಲ್ ಒತ್ತಿದರು. ಅದೇ ಡಬ್ಬಿ, ಕೊಂಬು ದಾಶಿಯ ಕುಂಬಳ. ಮಗಳು ಎರಡು ಸಲ ಹಾಕಿಸಿಕೊಂಡಳು. ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟೆ. ಮಾರ್ಚ್‌ನಲ್ಲಿ ನಾವು ಊರಿಗೆ ವಾಪಸ್ ಹೊರಟೆವು.