ಮಕ್ಕಳ ಮೊಬೈಲಿಗೆ ಬೀಗ ಎಲ್ಲಿ ಹಾಕಬೇಕು?

ಪ್ರಶ್ನೆ: ಅಶ್ಲೀಲ ತಡೆಯುವ ಫಿಲ್ಟರ್ ಹಾಕಿಯೇ ಫೋನ್ ಮಾರಬೇಕೆಂದು ಅಮೆರಿಕದ ಯೂಟಾ ರಾಜ್ಯ ಕಾನೂನು ಮಾಡಿತ್ತಂತೆ. ನಮ್ಮ ರಾಜ್ಯ ಯಾಕೆ ಮಾಡಬಾರದು?
– ಓದುಗರು, ರಾಜಾಜಿನಗರ

ಉತ್ತರ: ಯೂಟಾ 2021ರಲ್ಲಿ ಮಾಡಿದ್ದು ನಿಜ. ಆದರೆ ಇನ್ನೂ ಐದು ರಾಜ್ಯಗಳು ಅಂಥದ್ದೇ ಕಾನೂನು ತಂದರಷ್ಟೇ ಜಾರಿ ಎಂಬ ಷರತ್ತು ಅದರಲ್ಲೇ ಇತ್ತು. ಟೆಕ್ಸಾಸ್ ಫೋನಿನ ತಂಟೆಗೆ ಹೋಗದೆ, ವಯಸ್ಕರ ವೆಬ್‌ಸೈಟುಗಳೇ ಬಂದವರ ವಯಸ್ಸು ಪರಿಶೀಲಿಸಬೇಕು ಎಂದಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಸಂವಿಧಾನದಲ್ಲಿ ದೂರವಾಣಿ, ಸಂಪರ್ಕ ಕೇಂದ್ರ ಪಟ್ಟಿಗೆ ಸೇರಿವೆ. ಐಟಿ ಕಾಯ್ದೆಯೂ ಕೇಂದ್ರದ್ದೇ. ಹಾಗಾಗಿ ವಿಧಾನಸೌಧಕ್ಕೆ ಇಲ್ಲಿ ಕೈಯಾಡಿಸಲು ಜಾಗ ಕಡಿಮೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಅದು ಮಾಹಿತಿಗೆ ಕಾವಲೇ ಹೊರತು ಫಿಲ್ಟರ್ ಅಲ್ಲ.

ಪ್ರಶ್ನೆ: ವೈಫೈ ರೂಟರ್‌ನಲ್ಲಿ ಡಿಎನ್ಎಸ್ 1.1.1.3 ಎಂದು ಹಾಕಿದ್ದೇನೆ. ಆದರೂ ಮಗನ ಆಂಡ್ರಾಯ್ಡ್ ಫೋನಿನಲ್ಲಿ ಎಲ್ಲವೂ ತೆರೆದುಕೊಳ್ಳುತ್ತಿದೆ.
– ಗೃಹಿಣಿ, ವಿಜಯನಗರ

ಉತ್ತರ: ಡಿಎನ್ಎಸ್ ಎಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ. 1.1.1.3 ಎಂಬುದು ಅಶ್ಲೀಲ ಸೈಟುಗಳನ್ನು ಸೋಸುವ, ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್ಎಸ್. ಮೊದಲು ರೂಟರ್‌ನ ಎರಡನೇ ಡಿಎನ್ಎಸ್ ಖಾನೆ ನೋಡಿ. ಅಲ್ಲಿ ಗೂಗಲ್‌ನ 8.8.8.8 ಇದ್ದರೆ ಅದೇ ಕಳ್ಳಗಿಂಡಿ: ಫೋನು ಎರಡರಲ್ಲಿ ಯಾವುದನ್ನಾದರೂ ಕೇಳಬಹುದು, 8.8.8.8 ಏನನ್ನೂ ಸೋಸುವುದಿಲ್ಲ. ಅಲ್ಲಿ 1.1.1.3ರ ಜೋಡಿಯಾದ 1.0.0.3 ಹಾಕಿ, ರೂಟರ್ ಆಫ್ ಮಾಡಿ ಆನ್ ಮಾಡಿ, ಫೋನನ್ನು ಮತ್ತೆ ವೈಫೈಗೆ ಜೋಡಿಸಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಅದರ ಬೆನ್ನಿನ ಸ್ಟಿಕ್ಕರ್‌ನಲ್ಲಿರುವುದೇ ಆಗಿದ್ದರೆ ಈಗಲೇ ಬದಲಿಸಿ. ಮಕ್ಕಳೂ ಆ ಸ್ಟಿಕ್ಕರ್ ಓದುತ್ತಾರೆ.

ಇಷ್ಟಾದರೂ ಮಗ ಮೊಬೈಲ್ ಡೇಟಾ ಆನ್ ಮಾಡಿದೊಡನೆ ರೂಟರ್ ಲೆಕ್ಕಕ್ಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ 'ಪ್ರೈವೇಟ್ ಡಿಎನ್ಎಸ್' ತೆರೆಯಿರಿ (ಸಿಗದಿದ್ದರೆ ಸೆಟ್ಟಿಂಗ್ಸ್‌ನಲ್ಲೇ ಹುಡುಕಿ). ಈ ಖಾನೆ ಅಂಕಿ ಒಪ್ಪುವುದಿಲ್ಲ, ಹೆಸರೇ ಬೇಕು: ಫ್ಯಾಮಿಲಿ, ಚುಕ್ಕೆ, ಕ್ಲೌಡ್‌ಫ್ಲೇರ್, ಅಡ್ಡಗೆರೆ (-), ಡಿಎನ್ಎಸ್, ಚುಕ್ಕೆ, ಕಾಮ್. ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಒಂದಕ್ಷರ ತಪ್ಪಿದರೂ ಇಂಟರ್ನೆಟ್ಟೇ ನಿಲ್ಲುತ್ತದೆ. ಇದು ವೈಫೈ, ಡೇಟಾ ಎರಡಕ್ಕೂ ಅನ್ವಯ. ಕ್ರೋಮ್‌ನ ಪ್ರೈವಸಿ ವಿಭಾಗದ 'ಸೆಕ್ಯೂರ್ ಡಿಎನ್ಎಸ್'ನಲ್ಲಿ ಬೇರೆ ಕಂಪನಿ ಆರಿಸಿದ್ದರೆ ತೆಗೆಯಿರಿ. ಇಂಟರ್ನೆಟ್ ಸಂಪರ್ಕವನ್ನು ಬೇರೆ ದಾರಿಯಲ್ಲಿ ಸಾಗಿಸುವ ವಿಪಿಎನ್ ಆ್ಯಪ್ ಇದ್ದರಂತೂ ಈ ಕೆಲಸವೆಲ್ಲ ನೀರಲ್ಲಿ ಹೋಮ. ಹೊಸ ಆ್ಯಪ್‌ಗೆ ನಿಮ್ಮ ಅನುಮತಿ ಬೇಕಾಗುವಂತೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ.

ಡಿಎನ್ಎಸ್ ತಡೆಯುವುದು ಇಡೀ ಸೈಟನ್ನು. ಇನ್‌ಸ್ಟಾಗ್ರಾಂ ಒಳಗಿನ ಒಂದು ರೀಲ್ ಅದರ ಕಣ್ಣಿಗೇ ಬೀಳದು.

ಪ್ರಶ್ನೆ: ಓಟಿಟಿಗೆ ನಿಯಮ ಇದೆಯೇ?
– ಶಿಕ್ಷಕರು, ಯಲಹಂಕ

ಉತ್ತರ: ಇದೆ. 2021ರ ಐಟಿ ನಿಯಮಗಳ ಪ್ರಕಾರ ಯು/ಎ 13+ ಮತ್ತು ಮೇಲಿನ ದರ್ಜೆಗೆ ಪೋಷಕರ ಲಾಕ್ ಕೊಡಲೇಬೇಕು, 'ಎ' ದರ್ಜೆಗೆ ವಯಸ್ಸಿನ ಪರಿಶೀಲನೆಯೂ ಬೇಕು. ಲಾಕ್ ಕೊಡುವುದು ಅವರ ಹೊಣೆ, ಹಾಕುವುದು ನಿಮ್ಮದು. ಹೆಚ್ಚಿನವರು ಮಗುವಿಗೊಂದು ಕಿಡ್ಸ್ ಪ್ರೊಫೈಲ್ ಮಾಡಿ ಸುಮ್ಮನಾಗುತ್ತಾರೆ. ಪಕ್ಕದಲ್ಲೇ ಅಪ್ಪನ ಪ್ರೊಫೈಲ್ ತೆರೆದೇ ಇರುತ್ತದೆ! ಪಿನ್ ಹಾಕಬೇಕಾದದ್ದು ಅದಕ್ಕೆ.